ಮನೆಯಲ್ಲಿ ಸಿನಿಮಾ: ಮಾತು ಕೇಳಿಸಲ್ಲ, ಹೊಡೆದಾಟ ಮಾತ್ರ ಕಿವಿಗಡಚಿಕ್ಕುತ್ತೆ. ಏನು ಮಾಡಬೇಕು?

ಹೊಸಹಾಲ್
ಎಲ್ಲರಿಗೂ ನಮಸ್ಕಾರ. ಹಾಲ್ 12 ಅಡಿ ಅಗಲ, 14 ಅಡಿ ಉದ್ದ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಪಡುವಣಕ್ಕೆ ದೊಡ್ಡ ಕಿಟಕಿ. 55 ಇಂಚಿನ 4ಕೆ ಟೀವಿ ಸದ್ಯಕ್ಕೆ ಸ್ಟ್ಯಾಂಡ್ ಮೇಲಿದೆ, ಗೋಡೆಗೆ ಹಾಕಿಸಬೇಕು. ತೊಂದರೆ ಮೂರು. ಓಟಿಟಿಯಲ್ಲಿ ಸಿನಿಮಾ ಹಾಕಿದರೆ ಪಾತ್ರಗಳ ಮಾತು ತಗ್ಗು, ಹೊಡೆದಾಟ ಬಂದ ಕೂಡಲೇ ರಿಮೋಟ್ ಹುಡುಕಬೇಕು. ಸಿನಿಮಾ ಸಿನಿಮಾದ ಹಾಗೆ ಕಾಣಲ್ಲ, ಸೀರಿಯಲ್ಲಿನ ಹಾಗೆ ಜಾರಿಕೊಂಡು ಹೋಗುತ್ತೆ. ಇನ್ನು ಗೋಡೆಗೆ ಹಾಕಿಸುವಾಗ ಎಷ್ಟು ಎತ್ತರ? ಹಿರಿಯರು ದಿವಾನದ ಮೇಲೆ ಕೂರುತ್ತಾರೆ, ಮಕ್ಕಳು ಚಾಪೆ ಮೇಲೆ. ಸೌಂಡ್‌ಬಾರ್ (ಟೀವಿ ಕೆಳಗಿಡುವ ಉದ್ದನೆಯ ಸ್ಪೀಕರ್) ತಗೊಳ್ಳಲೇಬೇಕಾ?

ಕಿವಿಗೊಟ್ಟು
ಸೌಂಡ್‌ಬಾರ್ ಆಮೇಲೆ ನೋಡೋಣ. ಕಾಸು ಖರ್ಚಿಲ್ಲದೆ ಆಗುವುದನ್ನು ಮೊದಲು ಮುಗಿಸಿ.

ಮಾತು ಯಾಕೆ ಮುಳುಗುತ್ತೆ ಅಂದರೆ, ಚಿತ್ರಮಂದಿರದ ಧ್ವನಿಯನ್ನು 85 ಡೆಸಿಬೆಲ್ ಮಟ್ಟಕ್ಕೆ ಹೊಂದಿಸಿ ಮಿಕ್ಸ್ ಮಾಡಿರುತ್ತಾರೆ. ಅಲ್ಲಿ ಫ್ಯಾನ್ ಇಲ್ಲ, ಕುಕ್ಕರ್ ಕೂಗಲ್ಲ. ಅದೇ ಧ್ವನಿಯನ್ನು ಮನೆಯಲ್ಲಿ ನಾವು ಬಹಳ ಕಡಿಮೆ ಮಾಡಿ ಕೇಳುತ್ತೇವೆ. ಸ್ಫೋಟ ತಗ್ಗಿದರೂ ಕೇಳುತ್ತೆ. ಪಿಸುಮಾತು ತಗ್ಗಿದರೆ ಫ್ಯಾನಿನ ಸದ್ದಿನ ಕೆಳಗೆ ಹೋಗಿಬಿಡುತ್ತೆ. ಜತೆಗೆ ಟೀವಿಯ ಸ್ಪೀಕರ್ ಕೆಳಮುಖ ಅಥವಾ ಹಿಮ್ಮುಖವಾಗಿರುವುದರಿಂದ ದನಿ ನಿಮ್ಮ ಕಡೆ ನೇರ ಬರುವುದೇ ಇಲ್ಲ.

ಈಗ ಹೀಗೆ ಮಾಡಿ. ಸಿನಿಮಾ ಓಡುತ್ತಿರುವಾಗಲೇ ಆ್ಯಪ್‌ನ ಆಡಿಯೋ ಪಟ್ಟಿ ತೆರೆಯಿರಿ. ‘ಕನ್ನಡ 5.1’ (ಆರು ಸ್ಪೀಕರಿಗೆ ಅಂತ ಮಾಡಿದ ಧ್ವನಿ) ಅಂತ ಇದ್ದು, ಪಕ್ಕದಲ್ಲಿ ಬರೀ ‘ಕನ್ನಡ’ ಅಂತಲೂ ಇದ್ದರೆ ಎರಡನೆಯದನ್ನು ಆರಿಸಿ. 5.1ರಲ್ಲಿ ಮಾತು ಬಹುಮಟ್ಟಿಗೆ ನಡುವಿನ ಸ್ಪೀಕರಿಗೆ ಅಂತ ಬಂದಿರುತ್ತೆ. ನಿಮ್ಮ ಟೀವಿಯಲ್ಲಿ ನಡುವಿನ ಸ್ಪೀಕರೇ ಇಲ್ಲ, ಹಾಗಾಗಿ ಆರೂ ದಾರಿಯ ಸದ್ದನ್ನು ಎರಡಕ್ಕೆ ತುರುಕುತ್ತದೆ, ಸಂಗೀತ ಮಾತಿನ ಮೇಲೆ ಬಂದು ಕೂರುತ್ತೆ.

ಆಮೇಲೆ ಟೀವಿಯ ಸೌಂಡ್ ಮೆನು. ‘ಸ್ಟ್ಯಾಂಡರ್ಡ್’ ಬಿಟ್ಟು ‘ಕ್ಲಿಯರ್ ವಾಯ್ಸ್’ ಅಥವಾ ‘ವಾಯ್ಸ್ ಜೂಮ್’ ಥರದ್ದು ಏನಿದೆಯೋ ಅದು. ‘ಆಟೋ ವಾಲ್ಯೂಮ್’ ಅಥವಾ ‘ನೈಟ್ ಮೋಡ್’ ಆನ್. ಇದು ಜೋರನ್ನು ತಗ್ಗಿಸಿ ಮೆಲ್ಲನೆಯದನ್ನು ಏರಿಸುತ್ತದೆ, ನಿಮ್ಮ ತೊಂದರೆಗೆ ನೇರ ಮದ್ದು. ಈಕ್ವಲೈಸರ್ (ದಪ್ಪ ಸದ್ದು, ಚೂಪು ಸದ್ದನ್ನು ಬೇರೆ ಬೇರೆ ಏರಿಸಿ ಇಳಿಸುವ ಮೆನು) ಇದ್ದರೆ 100 ಹರ್ಟ್ಸ್ ಪಟ್ಟಿಯನ್ನು 3-4 ಅಂಕ ಇಳಿಸಿ, 3 ಕಿಲೋಹರ್ಟ್ಸ್ ಹತ್ತಿರದ್ದನ್ನು 2-3 ಅಂಕ ಏರಿಸಿ. ಸ, ಚ, ಟ, ತ ಸ್ಪಷ್ಟವಾಗುವುದು ಆ ಮೇಲಿನ ಭಾಗದಲ್ಲೇ. ಹಿರಿಯರಿಗೆ ಮೊದಲು ಮಂಕಾಗುವುದೂ ಅದೇ ಭಾಗ. ಹಾಗಾಗಿ ಅವರಿಗೆ ವಾಲ್ಯೂಮ್ ಏರಿಸಿದರೂ ‘ಸದ್ದು ಕೇಳುತ್ತೆ, ಏನಂದರು ಗೊತ್ತಾಗಲ್ಲ’ ಅನ್ನಿಸುತ್ತೆ.

ಇನ್ನು ಹಾಲ್. ದಿವಾನದ ಹತ್ತಿರ ನಿಂತು ಒಂದೇ ಒಂದು ಚಪ್ಪಾಳೆ ಹೊಡೆಯಿರಿ. ‘ಟಪ್’ ಅಂತ ನಿಂತರೆ ಸರಿ. ‘ಟಪ್‌ರ್‌ರ್’ ಅಂತ ಬಾಲ ಬಂದರೆ ಗೋಡೆ, ಟೈಲ್ಸ್, ಆರ್‌ಸಿಸಿ ತಾರಸಿ ಮೂರೂ ಸೇರಿ ಮಾತನ್ನು ಕಲಸುತ್ತಿವೆ ಅಂತ. ಟೀವಿಗೂ ದಿವಾನಕ್ಕೂ ನಡುವೆ ದಪ್ಪ ಜಮಖಾನ ಹಾಸಿ, ಕಿಟಕಿಗೆ ನೆರಿಗೆ ಹೆಚ್ಚಿರುವ ದಪ್ಪ ಪರದೆ ಹಾಕಿ, ಮತ್ತೆ ಚಪ್ಪಾಳೆ ಹೊಡೆದು ನೋಡಿ. ಪರದೆಯ ಬಟ್ಟೆ ಕಿಟಕಿಯ ಎರಡರಷ್ಟು ಅಗಲ ಇರಲಿ. ಬಿಗಿಯಾಗಿ ಎಳೆದು ಕಟ್ಟಿದ ತೆಳು ಪರದೆಯಿಂದ ಸದ್ದಿಗೆ ಪ್ರಯೋಜನವಿಲ್ಲ.

ಬೆಳಕಿಂಡಿ
ಎತ್ತರದ ಲೆಕ್ಕ ನಾನು ಹೇಳುತ್ತೇನೆ. 55 ಇಂಚಿನ ಪರದೆ ಸುಮಾರು 122 ಸೆಂಟಿಮೀಟರ್ ಅಗಲ, 68.5 ಸೆಂಟಿಮೀಟರ್ ಎತ್ತರ. ಸಿನಿಮಾಕ್ಕೆ ಕೂರುವ ದೂರ ಕರ್ಣದ 1.2ರಿಂದ 1.6 ಪಟ್ಟು. ಅಂದರೆ ಐದೂವರೆ ಅಡಿಯಿಂದ ಏಳೂಕಾಲು ಅಡಿ. ನಿಮ್ಮ 14 ಅಡಿಯಲ್ಲಿ ದಿವಾನವನ್ನು ಎದುರು ಗೋಡೆಗೆ ಒತ್ತಿ ಇಟ್ಟರೆ 11-12 ಅಡಿ ಆಗಿಬಿಡುತ್ತೆ, ಅಷ್ಟು ದೂರಕ್ಕೆ 4ಕೆ ಕೊಂಡದ್ದೇ ದಂಡ. ಕಣ್ಣಿಂದ ಪರದೆಗೆ ಏಳೂವರೆ ಅಡಿ ಬರುವ ಹಾಗೆ ದಿವಾನ ಮುಂದಕ್ಕೆ ಎಳೆಯಿರಿ, ಹಿಂದೆ ಓಡಾಡಲು ದಾರಿಯೂ ಸಿಗುತ್ತೆ.

ದಿವಾನದ ಮೇಲೆ ಕೂತವರ ಕಣ್ಣು ನೆಲದಿಂದ ಸುಮಾರು 110 ಸೆಂಟಿಮೀಟರ್, ಚಾಪೆ ಮೇಲಿನ ಮಕ್ಕಳದ್ದು ಸುಮಾರು 75. ಪರದೆಯ ನಡು 100 ಸೆಂಟಿಮೀಟರಿಗೆ ಬರಲಿ, ಅಂದರೆ ಟೀವಿಯ ಕೆಳ ಅಂಚು ನೆಲದಿಂದ 65. ಮಕ್ಕಳು ಕತ್ತೆತ್ತಬೇಕಾದ್ದು 6 ಡಿಗ್ರಿಯಷ್ಟೇ. ಅಂಗಡಿಯಿಂದ ಬರುವ ಹುಡುಗರು ನಿಂತುಕೊಂಡೇ ಅಳತೆ ಹಾಕಿ ನಡುವನ್ನು 150ಕ್ಕೆ ಏರಿಸಿಬಿಡುತ್ತಾರೆ. ಆಗ ಚಾಪೆ ಮೇಲಿನವರಿಗೆ 18 ಡಿಗ್ರಿ, ಎರಡೂವರೆ ಗಂಟೆ ಸಿನಿಮಾಕ್ಕೆ ಕತ್ತು ನೋವು ಗ್ಯಾರಂಟಿ. ಮೊಳೆ ಹೊಡೆಯುವ ಮೊದಲು ಹಳೆ ಪೇಪರನ್ನು 122 x 69ಕ್ಕೆ ಕತ್ತರಿಸಿ ಗೋಡೆಗೆ ಅಂಟಿಸಿ, ಎರಡು ದಿನ ಅಲ್ಲೇ ಬಿಡಿ. ಕೂತು ನೋಡಿದವರೇ ಹೇಳುತ್ತಾರೆ.

ಪಡುವಣ ಕಿಟಕಿ ಟೀವಿಯ ಎದುರಿಗೆ ಬಾರದಿರಲಿ, ಬೆನ್ನಿಗೂ ಬೇಡ. ಪಕ್ಕಕ್ಕೆ ಬಂದರೆ ಒಂದು ಕಿಟಕಿ ಪರದೆಯಲ್ಲಿ ಮುಗಿಯಿತು. ರಾತ್ರಿ ಪೂರ್ತಿ ಕತ್ತಲು ಮಾಡಬೇಡಿ. ಟೀವಿಯ ಹಿಂದೆ, ಕಣ್ಣಿಗೆ ನೇರ ಬೀಳದ ಹಾಗೆ ಒಂದು ಸಣ್ಣ ಬಿಳಿ ದೀಪ ಇದ್ದರೆ ಕಣ್ಣು ದಣಿಯುವುದಿಲ್ಲ.

24ಫ್ರೇಮ್
‘ಸೀರಿಯಲ್ಲಿನ ಹಾಗೆ’ ಅಂದಿರಲ್ಲ, ಅದು ಮೋಷನ್ ಸ್ಮೂದಿಂಗ್. ಸಿನಿಮಾ ಅಂದರೆ ಸೆಕೆಂಡಿಗೆ 24 ಚಿತ್ರ. ಟೀವಿ ಅವುಗಳ ನಡುವೆ ತಾನೇ ಊಹಿಸಿ ಹೊಸ ಚಿತ್ರ ತುಂಬುತ್ತದೆ. ಸೀರಿಯಲ್, ವಾರ್ತೆಗಳಲ್ಲಿ ಸೆಕೆಂಡಿಗೆ 50 ಹೆಜ್ಜೆಯ ಚಲನೆ ನೋಡಿ ನಮಗೆ ರೂಢಿ, ಹಾಗಾಗಿ ಸಿನಿಮಾವೂ ಸ್ಟುಡಿಯೋದಲ್ಲಿ ತೆಗೆದ ಹಾಗೆ ಕಾಣುತ್ತೆ. ವೇಗದ ದೃಶ್ಯದಲ್ಲಿ ಊಹೆ ತಪ್ಪುತ್ತದೆ. ಓಡುವವನ ಕಾಲಿನ ಸುತ್ತ ನೀರು ಅಲುಗಾಡಿದ ಹಾಗೆ ಕಂಡರೆ ಇದೇ ಕಾರಣ.

ಹೆಸರು ಒಂದೊಂದು ಕಂಪನಿಗೆ ಒಂದೊಂದು. ಸ್ಯಾಮ್ಸಂಗ್‌ನಲ್ಲಿ ‘ಪಿಕ್ಚರ್ ಕ್ಲಾರಿಟಿ’, ಎಲ್‌ಜಿಯಲ್ಲಿ ‘ಟ್ರೂಮೋಷನ್’, ಸೋನಿಯಲ್ಲಿ ‘ಮೋಷನ್‌ಫ್ಲೋ’, ಇನ್ನು ಕೆಲವದರಲ್ಲಿ ‘ಎಂಇಎಂಸಿ’. ಆಫ್ ಮಾಡಿ. ಪಿಕ್ಚರ್ ಮೋಡ್‌ನಲ್ಲಿ ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಕಣ್ಣುಮುಚ್ಚಿ ಅದನ್ನೇ ಒತ್ತಿ. 2019ರಲ್ಲಿ ಘೋಷಿಸಿದ ವ್ಯವಸ್ಥೆ ಅದು, ಸ್ಮೂದಿಂಗ್, ಅತಿ ಶಾರ್ಪ್‌ನೆಸ್ ಎಲ್ಲ ಒಂದೇ ಏಟಿಗೆ ಹೋಗುತ್ತೆ. ಇಲ್ಲದಿದ್ದರೆ ‘ಮೂವಿ’ ಅಥವಾ ‘ಸಿನಿಮಾ’. ಬಣ್ಣದ ಉಷ್ಣತೆ ‘ವಾರ್ಮ್’. ಶಾರ್ಪ್‌ನೆಸ್ 0ಯಿಂದ 10ರ ಒಳಗೆ, ಸೋನಿಯಲ್ಲಿ ಮಾತ್ರ 50. ‘ಡೈನಾಮಿಕ್ ಕಾಂಟ್ರಾಸ್ಟ್’ ಮತ್ತು ‘ಪವರ್ ಸೇವಿಂಗ್’ ಆಫ್, ಎರಡೂ ದೃಶ್ಯದ ನಡುವೆಯೇ ಬೆಳಕು ಏರಿಸಿ ಇಳಿಸಿ ಆಟ ಆಡುತ್ತವೆ.

ಮೊದಲ ದಿನ ಚಿತ್ರ ಹಳದಿ, ಮಂಕು ಅನ್ನಿಸುತ್ತೆ. ಅಂಗಡಿಯ ‘ವಿವಿಡ್’ ನೀಲಿಗೆ ಕಣ್ಣು ಹೊಂದಿಕೊಂಡಿರುವುದರಿಂದ ಹಾಗೆ. ಎರಡು ಮೂರು ಸಿನಿಮಾ ಆದಮೇಲೆ ಹಳೆಯದಕ್ಕೆ ಹಿಂದಿರುಗಿ ನೋಡಿ, ಮುಖಗಳೆಲ್ಲ ಸುಣ್ಣ ಬಳಿದ ಹಾಗೆ ಕಾಣುತ್ತವೆ.

ಹೊಸಹಾಲ್
ತುಂಬ ಉಪಕಾರ. ಸ್ಮೂದಿಂಗ್ ಆಫ್ ಮಾಡಿದರೆ ಕ್ರಿಕೆಟ್ ಕೆಡಲ್ವಾ? ಮತ್ತೆ, ಆಫ್ ಮಾಡಿದಮೇಲೆ ಕ್ಯಾಮೆರಾ ನಿಧಾನವಾಗಿ ತಿರುಗುವಾಗ ಚಿತ್ರ ಸ್ವಲ್ಪ ಕುಲುಕುತ್ತೆ.

24ಫ್ರೇಮ್
ಕ್ರಿಕೆಟ್ಟಿಗೆ ಬೇರೆ ಮೋಡ್ ಇಡಿ. ಬಹಳ ಟೀವಿಗಳಲ್ಲಿ ಎಚ್‌ಡಿಎಂಐ (ಬಾಕ್ಸಿನ ಕೇಬಲ್ ಚುಚ್ಚುವ ತೂತು) ಒಂದೊಂದಕ್ಕೂ, ಆ್ಯಪ್‌ಗಳಿಗೂ ಸೆಟ್ಟಿಂಗ್ ಬೇರೆ ಬೇರೆ ಉಳಿಯುತ್ತೆ. ಸೆಟ್‌ಟಾಪ್ ಬಾಕ್ಸ್ ಇರುವ ಎಚ್‌ಡಿಎಂಐಗೆ ‘ಸ್ಪೋರ್ಟ್ಸ್’ ಅಥವಾ ‘ಸ್ಟ್ಯಾಂಡರ್ಡ್’, ಓಟಿಟಿಗೆ ‘ಸಿನಿಮಾ’.

ಕುಲುಕಿಗೆ ಕಾರಣ ಲೆಕ್ಕ. 60 ಹರ್ಟ್ಸ್ ಪರದೆಯಲ್ಲಿ 24 ಸರಿಯಾಗಿ ಭಾಗ ಆಗಲ್ಲ. ಒಂದು ಚಿತ್ರವನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸಬೇಕಾಗುತ್ತೆ. ಈ ಎರಡು-ಮೂರರ ಏರುಪೇರೇ ಕುಲುಕು. 120 ಹರ್ಟ್ಸ್ ಪರದೆಯಲ್ಲಿ ಪ್ರತಿ ಚಿತ್ರಕ್ಕೂ ಐದೈದು ಸಲ, ಏರುಪೇರು ಇಲ್ಲ. ಮೆನುವಿನಲ್ಲಿ ‘ಮ್ಯಾಚ್ ಫ್ರೇಮ್ ರೇಟ್’ ಅಥವಾ ‘ಸಿನಿಮೋಷನ್’ ಥರದ್ದು ಇದ್ದರೆ ಆನ್ ಮಾಡಿ. ಇಲ್ಲದಿದ್ದರೆ ಕುಲುಕು ತಗ್ಗಿಸುವ ‘ಡಿ-ಜಡರ್’ 1 ಅಥವಾ 2ಕ್ಕೆ ಇಡಿ, ಅದಕ್ಕಿಂತ ಮೇಲೆ ಹೋಗಬೇಡಿ.

ಮುರಕಲ್ಲು
ಗೋಡೆಗೆ ಹಾಕಿಸುವ ಮೊದಲು ಗೋಡೆ ಯಾವುದು ಅಂತ ನೋಡಿ ಮಾರಾಯ್ರೆ. 55 ಇಂಚಿನ ಟೀವಿ 14-17 ಕಿಲೋ ಉಂಟು. ಇಟ್ಟಿಗೆ, ಸಾಲಿಡ್ ಬ್ಲಾಕ್ ಆದರೆ 10 ಮಿಲಿಮೀಟರಿನ ನಾಲ್ಕು ಆ್ಯಂಕರ್ (ಗೋಡೆಯೊಳಗೆ ಕಚ್ಚಿ ಕೂರುವ ಬೋಲ್ಟ್) ಸಾಕು. ಟೊಳ್ಳು ಬ್ಲಾಕಿನ ಗೋಡೆಯಾದರೆ ಡ್ರಿಲ್ ಒಮ್ಮೆಲೆ ಒಳಗೆ ಜಾರುತ್ತದೆ, ಅಲ್ಲಿ ಮಾಮೂಲಿ ಆ್ಯಂಕರ್ ಹಿಡಿಯಲಿಕ್ಕಿಲ್ಲ. ನಮ್ಮ ಕರಾವಳಿಯ ಕೆಂಪುಕಲ್ಲಾದರೆ ಪುಡಿ ಪುಡಿ ಉದುರಿ ತೂತು ಅಗಲ ಆಗುತ್ತದೆ. ಹ್ಯಾಮರ್ ಮೋಡ್ ಬಂದ್ ಮಾಡಿ ಬರೀ ತಿರುಗಿಸಿ ಡ್ರಿಲ್ ಮಾಡಲಿಕ್ಕೆ ಹೇಳಿ, ಉದ್ದದ ಆ್ಯಂಕರ್ ಅಥವಾ ಅಂಟು ತುಂಬಿ ಕೂರಿಸುವ ಕೆಮಿಕಲ್ ಆ್ಯಂಕರ್ ಹಾಕಿಸಿ. ಗಾರೆ 12-15 ಮಿಲಿಮೀಟರ್ ಇರುತ್ತದೆ, ಅದನ್ನು ಹಿಡಿತದ ಲೆಕ್ಕಕ್ಕೆ ಸೇರಿಸಬಾರದು. ಆ್ಯಂಕರ್ ಕಲ್ಲಿನೊಳಗೆ 50 ಮಿಲಿಮೀಟರ್ ಆದರೂ ಕೂರಬೇಕು.

ಟೀವಿ ಹಿಂದಿನ ನಾಲ್ಕು ತೂತಿನ ಅಂತರ ಅಳೆದೇ ಬ್ರಾಕೆಟ್ ತಗೊಳ್ಳಿ, 200 x 200, 300 x 300 ಹೀಗೆ ಬೇರೆ ಬೇರೆ ಉಂಟು. ಸ್ಕ್ರೂ ಉದ್ದ ಹೆಚ್ಚಾದರೆ ಒಳಗಿನ ಬೋರ್ಡಿಗೆ ತಾಗುತ್ತದೆ. ಕೈಯಲ್ಲಿ ತಿರುಗಿಸಿ ಎಲ್ಲಿ ನಿಲ್ಲುತ್ತದೆ ನೋಡಿಯೇ ಬಿಗಿ ಮಾಡಬೇಕು. ಗೋಡೆಯಲ್ಲಿ ಬಾತ್ರೂಮಿನ ಪೈಪು, ವಯರಿಂಗ್ ಹೋಗಿರುವ ಜಾಗ ಯಾವುದು ಅಂತ ಮೊದಲೇ ಕೇಳಿಕೊಳ್ಳಿ. ಸ್ವಿಚ್ ಬೋರ್ಡಿನಿಂದ ನೇರ ಮೇಲಕ್ಕೆ ವಯರ್ ಉಂಟು ಅಂತಲೇ ತಿಳಿಯಿರಿ.

ಡಯೋಡ್
ಸೌಂಡ್‌ಬಾರ್ ವಿಷಯಕ್ಕೆ ಬರ್ತೀನಿ. ಕಿವಿಗೊಟ್ಟು ಹೇಳಿದ್ದೆಲ್ಲ ಮಾಡಿದಮೇಲೂ ಮಾತು ತೃಪ್ತಿ ಕೊಡದಿದ್ದರೆ ತಗೊಳ್ಳಿ, ಆದರೆ ನಡುವೆ ಮಾತಿಗೇ ಮೀಸಲಾದ ಸ್ಪೀಕರ್ ಇರುವುದನ್ನು. ಡಬ್ಬದ ಮೇಲೆ 3.1 ಅಥವಾ 5.1 ಅಂತಿರಬೇಕು. 2.1ರಲ್ಲಿ ಇರುವುದು ಎಡ, ಬಲ, ಗುಡುಗಿನ ಸದ್ದಿಗೆ ಸಬ್‌ವೂಫರ್ ಅಷ್ಟೇ. ‘500 ವ್ಯಾಟ್’ ನೋಡಿ ಮರುಳಾಗಬೇಡಿ, ವ್ಯಾಟಿಗೂ ಮಾತಿನ ಸ್ಪಷ್ಟತೆಗೂ ನಂಟಿಲ್ಲ.

ಜೋಡಿಸುವುದು ಹೀಗೆ. ಟೀವಿಯ ಎಲ್ಲ ಎಚ್‌ಡಿಎಂಐಗೂ ಅಲ್ಲ, ‘ಆರ್ಕ್’ ಅಥವಾ ‘ಇ-ಆರ್ಕ್’ (ಟೀವಿಯ ಧ್ವನಿ ಹೊರಗೆ ಬರುವ ತೂತು) ಅಂತ ಬರೆದಿರುವ ಒಂದೇ ಒಂದಕ್ಕೆ. ಬಾರ್‌ನಲ್ಲೂ ‘ಟೀವಿ ಆರ್ಕ್’ ಅಂತ ಬರೆದ ತೂತಿಗೆ. ಆಮೇಲೆ ಟೀವಿಯಲ್ಲಿ ಸಿಇಸಿ (ಟೀವಿ, ಬಾರ್ ಒಂದಕ್ಕೊಂದು ಸೂಚನೆ ಕಳಿಸುವ ವ್ಯವಸ್ಥೆ) ಆನ್ ಆಗಬೇಕು. ಸ್ಯಾಮ್ಸಂಗ್ ಅದನ್ನು ‘ಎನಿನೆಟ್’ ಅನ್ನುತ್ತೆ, ಎಲ್‌ಜಿ ‘ಸಿಂಪ್ಲಿಂಕ್’, ಸೋನಿ ‘ಬ್ರಾವಿಯಾ ಸಿಂಕ್’. ಡಿಜಿಟಲ್ ಔಟ್‌ಪುಟ್ ‘ಆಟೋ’ ಅಥವಾ ‘ಪಾಸ್ ಥ್ರೂ’. ಸದ್ದೇ ಬರದಿದ್ದರೆ ‘ಪಿಸಿಎಂ’ ಅನ್ನುವ ಸಾದಾ ನಮೂನೆಗೆ ಹಾಕಿ ನೋಡಿ. ಬಂದರೆ ಕೇಬಲ್ ಸರಿ ಇದೆ, ಧ್ವನಿಯ ನಮೂನೆ ಬಾರ್‌ಗೆ ಅರ್ಥ ಆಗ್ತಿರಲಿಲ್ಲ ಅಂತ. ಯಾವುದೂ ಆಗದಿದ್ದರೆ ಎರಡರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತು ಐದು ನಿಮಿಷ ಬಿಟ್ಟು, ಮೊದಲು ಟೀವಿ, ಆಮೇಲೆ ಬಾರ್. ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು, ಆಗ ಅದು ಮಲಗಿರುತ್ತೆ ಅಷ್ಟೇ. ಆಪ್ಟಿಕಲ್ ಕೇಬಲ್ಲಿನಲ್ಲಿ ಆಟ್ಮಾಸ್ (ತಲೆ ಮೇಲಿಂದಲೂ ಕೇಳಿಸುವ ಡಾಲ್ಬಿ ಧ್ವನಿ) ಬರಲ್ಲ, ಅದಕ್ಕೆ ಆರ್ಕ್ ಬೇಕೇ ಬೇಕು.

ಬಾರನ್ನು ಶೋಕೇಸಿನ ಗೂಡಿನೊಳಗೆ ತಳ್ಳಬೇಡಿ, ಹಲಗೆಯ ಮುಂದಿನ ಅಂಚಿಗೆ ಸರಿಯಾಗಿ ಇಡಿ. ಸಬ್‌ವೂಫರ್ ಮೂಲೆಗೆ ಬೇಡ. ಎರಡೂ ಕಡೆಯ ಗೋಡೆಗಳು ಗುಮ್ಮೆನ್ನುವ ಸದ್ದನ್ನು ಹೆಚ್ಚಿಸುತ್ತವೆ, ಕೆಳಗಿನ ಮನೆಯವರಿಗೂ ತೊಂದರೆ.

ತುಟಿಗೂ ಮಾತಿಗೂ ಹೊಂದುತ್ತಿದೆಯಾ ನೋಡಲು ಡಬ್ಬಿಂಗ್ ಇಲ್ಲದ ವಾರ್ತೆ ಹಾಕಿ, ಓದುವವರ ಬಾಯಿ ಮೇಲೆ ಕಣ್ಣಿಡಿ. ಪ, ಬ, ಮ ಬಂದಾಗ ತುಟಿ ಪೂರ್ತಿ ಮುಚ್ಚಲೇಬೇಕು. ‘ಬೆಂಗಳೂರು’, ‘ಮುಖ್ಯಮಂತ್ರಿ’, ‘ಪೊಲೀಸ್’ ಅಂದಾಗ ತುಟಿ ತೆರೆದ ಮೇಲೆ ಸದ್ದು ಬಂದರೆ ದನಿ ತಡ. ಆಗ ಬಾರ್‌ನ ಡಿಲೇ 0 ಮಾಡಿ. ತುಟಿ ಮುಚ್ಚುವ ಮೊದಲೇ ಸದ್ದು ಬಂದರೆ 20 ಮಿಲಿಸೆಕೆಂಡಿನಂತೆ ಏರಿಸುತ್ತ ಬನ್ನಿ.

ತೋಟದಮನೆ
ಓಟಿಟಿ ಎಲ್ಲ ಕಡೆ ಇಲ್ಲ. ಮಲೆನಾಡಿನಲ್ಲಿ ಇನ್ನೂ ಡಿಶ್ಶೇ ಗತಿ. ಮಳೆ ಶುರುವಾದರೆ ‘ನೋ ಸಿಗ್ನಲ್’ ಬರುವುದನ್ನು ಕಡಿಮೆ ಮಾಡಿಕೊಳ್ಳುವ ದಾರಿ ಇದೆ, ಬರೆಯುತ್ತೇನೆ.

ಡಿಡಿ ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ಬೆಂಗಳೂರಿನ ಲೆಕ್ಕದಲ್ಲಿ ಅದು ಆಗ್ನೇಯ ದಿಕ್ಕಿಗೆ, ಉತ್ತರದಿಂದ ಸುತ್ತಿ ಎಣಿಸಿದರೆ ಸುಮಾರು 128 ಡಿಗ್ರಿ, ಮೇಲಕ್ಕೆ ಸುಮಾರು 66 ಡಿಗ್ರಿ. ರಾಜ್ಯದ ಬೇರೆ ಕಡೆ ಕೆಲವು ಡಿಗ್ರಿ ವ್ಯತ್ಯಾಸ. ಇಷ್ಟು ಕಡಿದಾದ ಕೋನ ಇರುವುದರಿಂದ ಮರ ಎಷ್ಟು ದೂರದಲ್ಲಿದೆಯೋ ಅದರ ಎರಡೂಕಾಲು ಪಟ್ಟಿನವರೆಗೆ ಎತ್ತರ ಇದ್ದರೂ ಅಡ್ಡ ಬರಲ್ಲ. ಡಿಶ್‌ನಿಂದ 3 ಮೀಟರ್ ದೂರದ ಅಡಿಕೆ ಮರ ಡಿಶ್ ಮಟ್ಟಕ್ಕಿಂತ ಆರೂಮುಕ್ಕಾಲು ಮೀಟರ್ ಮೇಲೆ ಹೋದರೆ ಆಗ ಸೋಗೆ ಅಡ್ಡ ಬಂತು ಅಂತ ಲೆಕ್ಕ. ಒಣ ಸೋಗೆಗಿಂತ ಮಳೆಯಲ್ಲಿ ನೆನೆದ ಸೋಗೆ ಸಿಗ್ನಲನ್ನು ಜಾಸ್ತಿ ತಿನ್ನುತ್ತದೆ. ಬೇಸಿಗೆಯಲ್ಲಿ ಸರಿಯಿದ್ದದ್ದು ಆಷಾಢಕ್ಕೆ ಕೈಕೊಡುವುದು ಇದಕ್ಕೇ.

ಜೋರು ಮಳೆಯಲ್ಲಿ ಹನಿಗಳೇ ಡಿಶ್ ಹಿಡಿಯುವ ಕೆಯು-ಬ್ಯಾಂಡ್ ಸಿಗ್ನಲನ್ನು ಹೀರುತ್ತವೆ, ಅದಕ್ಕೆ ಯಾರೂ ಏನೂ ಮಾಡಲಾಗದು. ನಮ್ಮ ಕೈಲಿರುವುದು ಬಿಸಿಲಿನ ದಿನ ಡಿಶ್ಶನ್ನು ಪೂರ್ತಿ ಗುರಿಗೆ ಇಡುವುದು. ಬಾಕ್ಸಿನ ಸಿಗ್ನಲ್ ಪುಟ ತೆರೆದು, ‘ಸ್ಟ್ರೆಂತ್’ ಅಲ್ಲ, ‘ಕ್ವಾಲಿಟಿ’ ಅಂಕ ನೋಡುತ್ತ ಡಿಶ್ಶನ್ನು ಒಂದೊಂದೇ ಮಿಲಿಮೀಟರ್ ಸರಿಸಿ. ಅಂಕ ಏರಿ ಮತ್ತೆ ಇಳಿಯುವ ತನಕ ಹೋಗಿ, ಆಮೇಲೆ ಅಂಕ ಅತಿ ಹೆಚ್ಚಿದ್ದ ಜಾಗಕ್ಕೆ ವಾಪಸ್ ಬನ್ನಿ. ನಂತರ ಎಲ್‌ಎನ್‌ಬಿಯನ್ನು (ಡಿಶ್ ಮುಂದೆ ಚಾಚಿದ ಕೋಲಿನ ತುದಿಯಲ್ಲಿರುವ ಸಣ್ಣ ಡಬ್ಬಿ) ಅದರ ಹಿಡಿಕೆಯಲ್ಲೇ ಸ್ವಲ್ಪ ತಿರುಗಿಸಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಅಂಕ ಏರುವುದು ಇಲ್ಲೇ.

ಮಳೆ ನಿಂತು ಎರಡು ಗಂಟೆ ಆದರೂ ಚಿತ್ರ ಬಾರದಿದ್ದರೆ ಅದು ಮೋಡದ ತೊಂದರೆ ಅಲ್ಲ, ಕನೆಕ್ಟರಿಗೆ ನೀರು ಇಳಿದಿದೆ. ಬಿಚ್ಚಿ ನೋಡಿ, ನಡುವಿನ ತಾಮ್ರದ ಕಡ್ಡಿ ಹಸಿರುಗಟ್ಟಿರುತ್ತದೆ. ಆರ್‌ಜಿ-6 ಕೇಬಲ್ಲನ್ನು ಒಂದಡಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಮೇಲೆ ರಬ್ಬರ್ ಟೇಪ್ ಎಳೆದು ಸುತ್ತಿ. ಗೋಡೆಯೊಳಗೆ ಹೋಗುವ ಮೊದಲು ಕೇಬಲ್ ಒಂದು ಬಾಗು ಕೆಳಗೆ ಇಳಿದು ಮೇಲೇರಲಿ. ಆಗ ನೀರು ಆ ಬಾಗಿನಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ, ಬಾಕ್ಸಿನ ತನಕ ಬರಲ್ಲ.

ಕರಿಮಣ್ಣು
ಕರೆಂಟಿಂದು ನಾ ಹೇಳತೀನ್ರಿ. ಸ್ಟೆಬಿಲೈಜರ್ ಬೇಕೇನು ಅಂತ ಎಲ್ಲಾರೂ ಕೇಳತಾರ. ಟೀವಿ ಹಿಂದ ‘100-240 ವೋಲ್ಟ್’ ಅಂತ ಬರದಿದ್ರ ಕಡಿಮಿ ವೋಲ್ಟೇಜಿಗೆ ಅದು ಹೆದರೂದಿಲ್ಲ. ಹೆದರಬೇಕಾದ್ದು ಹೆಚ್ಚಿನದಕ್ಕ. ಕಂಬದಾಗ ನ್ಯೂಟ್ರಲ್ ಕಿತ್ತಂದ್ರ 230 ಇದ್ದದ್ದು 400ರ ಕಡೆ ಏರತದ, ಓಣಿ ತುಂಬ ಟೀವಿ ಒಂದ ಹೊಡತಕ್ಕ ಹೋಗತಾವ. ಅದಕ್ಕ ಮೇನ್ ಬೋರ್ಡಿನ್ಯಾಗ 270 ವೋಲ್ಟಿಗೆ ಕಟ್ ಆಗೋ ಓವರ್‌ವೋಲ್ಟೇಜ್ ರಿಲೇ ಹಾಕಸ್ರಿ, ಫ್ರಿಜ್ಜೂ ಉಳೀತದ. ಅರ್ತಿಂಗ್ ಸರಿ ಐತೇನು ನೋಡಸ್ರಿ.

ಏಪ್ರಿಲ್, ಮೇ ಗುಡುಗಿನ ಹೊತ್ತಿಗೆ ಸ್ವಿಚ್ ಆರಿಸಿದ್ರ ಸಾಲೂದಿಲ್ಲ. ಪ್ಲಗ್ ಕೀಳಬೇಕು, ಡಿಶ್ ಕೇಬಲ್ಲೂ ಕೀಳಬೇಕು, ರೌಟರಿಂದ ಟೀವಿಗೆ ಬಂದ ವಾಯರ್ರೂ ಕೀಳಬೇಕು. ಫೈಬರ್ ಗಾಜಿಂದು, ಅದರಾಗ ಸಿಡಿಲು ಹರಿಯೂದಿಲ್ಲ. ಆದರ ರೌಟರಿನ ಅಡಾಪ್ಟರ್ ಕರೆಂಟಿಗೆ ಕೂತಿರತದಲ್ಲ, ಅಲ್ಲಿಂದ ಬರತದ. ಇದೆಲ್ಲ ಗುಡುಗು ಕೇಳೂಕಿಂತ ಮೊದಲ ಮಾಡಬೇಕ್ರಿ, ಮಿಂಚು ಶುರು ಆದಮ್ಯಾಲ ವಾಯರ್ ಮುಟ್ಟಬ್ಯಾಡ್ರಿ.

ಇನ್ವರ್ಟರ್ ಲೆಕ್ಕ: 150 ಆ್ಯಂಪಿಯರ್-ಅವರ್ ಬ್ಯಾಟರಿ ಅಂದ್ರ 12 ವೋಲ್ಟಿಂದ ಗುಣಿಸಿ 1800 ವ್ಯಾಟ್-ಅವರ್. ಅದರಾಗ ನೂರಕ್ಕ 60 ಭಾಗ ಕೈಗೆ ಸಿಗತದ ಅಂತ ಹಿಡೀರಿ, 1080. ಟೀವಿ 120, ಬಾರ್ 30, ರೌಟರ್ 10, ಒಂದು ಫ್ಯಾನ್ 70, ಒಟ್ಟು 230 ವ್ಯಾಟ್. ನಾಲ್ಕೂವರಿ ತಾಸು ನಡೀತದ, ಒಂದು ಸಿನಿಮಾ ಆರಾಮ. ಇನ್ವರ್ಟರ್ ಸೈನ್ ವೇವ್ ಇರಲಿ. ಸ್ಕ್ವೇರ್ ವೇವ್ ಇದ್ರ ಸ್ಪೀಕರಿನ್ಯಾಗ ‘ಗುಂಯ್’ ಅಂತ ಬರತದ, ಫ್ಯಾನೂ ಸಪ್ಪಳ ಮಾಡತದ.

ಹೊಸಹಾಲ್
4ಕೆ ಸಿನಿಮಾ ಒಮ್ಮೊಮ್ಮೆ ಮಸುಕಾಗುತ್ತೆ. ರೌಟರ್ ಒಳಗಿನ ರೂಮಲ್ಲಿದೆ.

ಡಯೋಡ್
ನೆಟ್‌ಫ್ಲಿಕ್ಸ್ ಹೇಳುವ ಲೆಕ್ಕ ನೋಡಿ: 4ಕೆಗೆ 15 ಎಂಬಿಪಿಎಸ್, 1080ಪಿಗೆ 5. ನಿಮ್ಮ ಪ್ಲಾನ್ 100 ಇರಬಹುದು, ಟೀವಿಯ ತನಕ ಎಷ್ಟು ಬರ್ತಿದೆ ಅನ್ನೋದು ಮುಖ್ಯ. ಫೋನಲ್ಲಲ್ಲ, ಟೀವಿಯ ಬ್ರೌಸರಲ್ಲೇ ಅಥವಾ ಆ್ಯಪ್‌ನ ನೆಟ್‌ವರ್ಕ್ ಪರೀಕ್ಷೆಯಲ್ಲೇ ನೋಡಿ. ವೈ-ಫೈನಲ್ಲಿ 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತೆ. 2.4 ದೂರ ಹೋಗುತ್ತೆ, ಆದರೆ ಅಪಾರ್ಟ್‌ಮೆಂಟಲ್ಲಿ ಅಕ್ಕಪಕ್ಕದವರದ್ದೆಲ್ಲ ಅದರಲ್ಲೇ ಗಿಜಿಗುಟ್ಟುತ್ತಿರುತ್ತೆ. ರೌಟರಿಂದ ಟೀವಿಗೆ ಕ್ಯಾಟ್-6 ನೆಟ್ ವಾಯರ್ ಎಳೆಸಿಬಿಟ್ಟರೆ ಮುಗೀತು. ಬಹಳ ಟೀವಿಗಳ ವಾಯರ್ ಪೋರ್ಟ್ 100 ಎಂಬಿಪಿಎಸ್‌ನದ್ದೇ, ಸಿನಿಮಾಕ್ಕೆ ಅದು ಧಾರಾಳ.

ಅಗ್ಗದ ಆಂಡ್ರಾಯ್ಡ್ ಬಾಕ್ಸ್ ಹಾಕಿ ನೋಡುವವರಿಗೆ ಇನ್ನೊಂದು ಮಾತು. ನೆಟ್ ಎಷ್ಟಿದ್ದರೂ ಚಿತ್ರ 480ಪಿ ದಾಟದಿದ್ದರೆ ಬಾಕ್ಸಿಗೆ ‘ವೈಡ್‌ವೈನ್ ಎಲ್1’ (ಓಟಿಟಿಗಳು ಪೂರ್ತಿ ಸ್ಪಷ್ಟ ಚಿತ್ರ ಕೊಡಲು ಕೇಳುವ ನಕಲು-ತಡೆ ಮಾನ್ಯತೆ) ಇಲ್ಲ ಅಂತ ಅರ್ಥ. ಸೆಟ್ಟಿಂಗ್‌ನಲ್ಲಿ ಅದನ್ನು ಸರಿಮಾಡಲು ಆಗಲ್ಲ, ಕೊಳ್ಳುವ ಮುಂಚೆಯೇ ಕೇಳಬೇಕು.

ಕಿವಿಗೊಟ್ಟು
ಪೆನ್‌ಡ್ರೈವ್‌ನಲ್ಲಿ ನೋಡುವವರಿಗೆ ಒಂದೆರಡು. ಪೆನ್‌ಡ್ರೈವ್‌ನ ಫಾರ್ಮ್ಯಾಟ್ ಎಫ್‌ಎಟಿ32 ಆದರೆ 4 ಜಿಬಿಗಿಂತ ದೊಡ್ಡ ಫೈಲ್ ಹತ್ತಲ್ಲ, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಚಿತ್ರ ಬಂದು ಸದ್ದು ಬಾರದಿದ್ದರೆ ಧ್ವನಿ ಬಹುಶಃ ಡಿಟಿಎಸ್ ಅನ್ನುವ ನಮೂನೆಯಲ್ಲಿದೆ, ಕೆಲವು ಟೀವಿಗಳು ಅದನ್ನು ಓದಲ್ಲ. ಕನ್ನಡ ಸಬ್‌ಟೈಟಲ್ ಬದಲು ಚೌಕ ಚೌಕ ಕಂಡರೆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ‘ಯುಟಿಎಫ್-8’ರಲ್ಲಿ ಉಳಿಸಿ. ಆಮೇಲೂ ಚೌಕವೇ ಬಂದರೆ, ಇಲ್ಲವೇ ಒತ್ತಕ್ಷರ ಕೆಳಗೆ ಬಾರದೆ ಪಕ್ಕಕ್ಕೆ ಜಾರಿದರೆ, ಟೀವಿಯ ಪ್ಲೇಯರಿಗೆ ಕನ್ನಡ ಜೋಡಿಸಲು ಬರಲ್ಲ ಅಂತ. ವಿಎಲ್‌ಸಿ ಪ್ಲೇಯರ್ ಆ್ಯಪ್ ಹಾಕಿ ನೋಡಿ.

ಹೊಸಹಾಲ್
ಕೊನೆಯದೊಂದು. ಹಳೆಯ ಕಪ್ಪು-ಬಿಳುಪು ಸಿನಿಮಾ ಹಾಕಿದರೆ ಎಲ್ಲರ ಮುಖ ಊದಿಕೊಂಡ ಹಾಗೆ ಕಾಣುತ್ತೆ. ಹೊಸ ಸಿನಿಮಾಕ್ಕೆ ಮೇಲೆ ಕೆಳಗೆ ಕಪ್ಪು ಪಟ್ಟಿ. ಯಾವುದು ಸರಿ?

ಬೆಳಕಿಂಡಿ
ಕಪ್ಪು ಪಟ್ಟಿ ಇರುವುದೇ ಸರಿ. ಸ್ಕೋಪ್ (ಅಗಲ ಪರದೆಯ) ಸಿನಿಮಾದ ಅಗಲ ಎತ್ತರದ 2.39 ಪಟ್ಟು, ಟೀವಿಯದ್ದು 1.78 ಪಟ್ಟು. ನಿಮ್ಮ ಪರದೆಯಲ್ಲಿ ಚಿತ್ರ 51 ಸೆಂಟಿಮೀಟರ್ ಎತ್ತರ ಬಂದು, ಮೇಲೆ ಕೆಳಗೆ ಸುಮಾರು ಒಂಬತ್ತೊಂಬತ್ತು ಸೆಂಟಿಮೀಟರ್ ಖಾಲಿ ಉಳಿಯಬೇಕು. ‘ಜೂಮ್’ ಒತ್ತಿ ಅದನ್ನು ತುಂಬಿಸಿದರೆ ಎಡಬಲದಲ್ಲಿ ನಿಂತ ಪಾತ್ರವೇ ಪರದೆಯಿಂದ ಆಚೆ ಹೋಗುತ್ತೆ.

ಹಳೆಯ ಕಪ್ಪು-ಬಿಳುಪಿನವು ಹೆಚ್ಚಿನವು 1.37 ಪಟ್ಟಿನವು. ಅವಕ್ಕೆ ಎಡಕ್ಕೆ ಬಲಕ್ಕೆ 14 ಸೆಂಟಿಮೀಟರ್ ಕಪ್ಪು ಇರಲೇಬೇಕು. ಸೆಟ್‌ಟಾಪ್ ಬಾಕ್ಸ್‌ನಲ್ಲಿ ‘ಸ್ಟ್ರೆಚ್’ ತೆಗೆದು ‘4:3’ ಅಥವಾ ‘ಪಿಲ್ಲರ್‌ಬಾಕ್ಸ್’ ಮಾಡಿ, ಟೀವಿಯಲ್ಲಿ ‘ಜಸ್ಟ್ ಸ್ಕ್ಯಾನ್’ ಅಥವಾ ‘ಫಿಟ್ ಟು ಸ್ಕ್ರೀನ್’ ಇಡಿ. ಎರಡರಲ್ಲಿ ಒಂದು ಕಡೆ ಮರೆತರೂ ಹಿಗ್ಗುತ್ತೆ. ಸರಿಯಾಯಿತೋ ಇಲ್ಲವೋ ನೋಡಲು ಸಿನಿಮಾದಲ್ಲಿ ದುಂಡಗಿನ ವಸ್ತು ಎದುರಿಗೆ ಬಂದಾಗ ನಿಲ್ಲಿಸಿ, ಹುಣ್ಣಿಮೆ ಚಂದ್ರ, ಗೋಡೆ ಗಡಿಯಾರ, ಹಣೆಯ ಕುಂಕುಮ ಯಾವುದಾದರೂ ಸರಿ. ಟೇಲರ್ ಟೇಪನ್ನು ಪರದೆಗೆ ಒತ್ತದೆ ಹತ್ತಿರ ಹಿಡಿದು ಅಡ್ಡ ಒಮ್ಮೆ, ಉದ್ದ ಒಮ್ಮೆ ಅಳೆಯಿರಿ. ಎರಡೂ ಒಂದೇ ಬಂದರೆ ಮುಖವೂ ಸರಿ ಬಂತು.